ಬಣ್ಣಕ್ಕೆ ಕಾದ ಶ್ರಾವಣ

ನಮ್ಮ ಸುಧಾಳಿಗೆ ಹೆಣ್ಣು ಮಗು ಆಯಿತು. ಇವತ್ತು ಬೆಳಿಗ್ಗೆ, ಇಲ್ಲೇ ಕೊಪ್ಪದ ಆಸ್ಪತ್ರೆಯಲ್ಲಿ. ತಾಯಿ ಮಗು ಇಬ್ಬರೂ ಆರಾಮ. ನಾನು ಅಜ್ಜಿಯಾದೆ. ಈ ಸುದ್ದಿ ಯಾರ್ಯಾರಿಗೆ ಹೇಳಿದೆ ಅಂತ ನನಗೇ ನೆನಪಿಲ್ಲ. ಕ್ಯಾಂಟೀನಿನವನಿಗೆ ಹೇಳಿದೆ, ಆಟೋದವನಿಗೆ ಹೇಳಿದೆ, ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳಿಗೆ ಹೋಗುವಾಗಲೂ ಹೇಳಿದೆನಂತೆ, ಬರುವಾಗಲೂ ಹೇಳಿದೆನಂತೆ. ಎರಡನೇ ಸಲ ಅವಳು, "ಆಗಲೇ ಒಂದು ಹೇಳಿದ್ರಲ್ಲ, ಅವಳಿಯಾ ಹಂಗಾದ್ರೆ?" ಅಂತ ನಕ್ಕಳು.

ಮಗುವನ್ನು ನೀವು ನೋಡಬೇಕು. ಮೂಗು ಅಪ್ಪನದು, ಹಠ ಅಮ್ಮನದು ಅಂತ ಈಗಲೇ ಗೊತ್ತಾಗುತ್ತದೆ. ಎರಡೂ ಮುಷ್ಟಿ ಬಿಗಿಹಿಡಿದುಕೊಂಡೇ ಬಂದಿದ್ದಾಳೆ. ನಮ್ಮನೆಯವರು ಬಗ್ಗಿ ಬಗ್ಗಿ ನೋಡಿ, "ಎಂತದೋ ತಂದಿದಾಳೆ ಕಣೇ, ಬಿಡ್ತಾ ಇಲ್ಲ" ಅಂದರು. ಆ ಮನುಷ್ಯನ ಬಾಯಲ್ಲಿ ತಮಾಷೆ ಕೇಳಿ ಎಷ್ಟು ಕಾಲ ಆಗಿತ್ತೋ.

ಮಗು ನನ್ನ ಕೈಯಲ್ಲಿದ್ದಾಗಲೇ ನರ್ಸಮ್ಮ ಒಬ್ಬರು ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ನಮ್ಮ ಪಕ್ಕದಲ್ಲೇ ಹಾದುಹೋದರು. ಯಾರದೋ ಗಡ್ಡೆಯೋ ಏನೋ, ಪರೀಕ್ಷೆಗೆ ಹೋಗುವಂಥದ್ದು. ಅದರಿಂದ ಒಂದು ವಾಸನೆ ಬಂತು. ಮೂಗಿಗೆ ಚುಚ್ಚಿ ಕಣ್ಣಲ್ಲಿ ನೀರು ತರಿಸುವ ಔಷಧಿ ವಾಸನೆ. ನಾನು ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದೆ. ನಮ್ಮನೆಯವರು ಮಗುವಿನ ಕೆಳಗೆ ತಮ್ಮ ಕೈಯನ್ನೂ ಕೊಟ್ಟು ನಿಂತರು. ಅವರಿಗೂ ಆ ವಾಸನೆ ಗೊತ್ತು. ಸುಧಾಳ ಮದುವೆಯಾದ ವರ್ಷದ ಶ್ರಾವಣ ಪೂರ್ತಿ ನಮ್ಮ ಮೂಗಲ್ಲಿ ಅದೇ ಇತ್ತು.

ನಾವು ಮೂಲದಲ್ಲಿ ಕಡಹಿನಬೈಲಿನ ಕಡೆಯವರು. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದೆ, ಆಮೇಲೆ ಕೈಗೆ ಕತ್ತಿ ಬಂತು. ಮದುವೆಯಾದಲ್ಲಿಂದ ಕೊಪ್ಪದ ಹತ್ತಿರದ ಕಾಫಿ ತೋಟದ ಕೂಲಿ ಲೈನಿನ ಮನೆಯಲ್ಲಿದ್ದೇವೆ, ಗಂಡ ಹೆಂಡತಿ ಇಬ್ಬರಿಗೂ ಅಲ್ಲೇ ಕೆಲಸ. ಸುಧಾ ಒಬ್ಬಳೇ ಮಗಳು. ಅವಳ ಗಂಡ ಪ್ರಕಾಶ ಕೊಪ್ಪ ಪೇಟೆಯ ಮೀನಿನ ಹಮೀದಣ್ಣನ ಪಿಕಪ್ ಓಡಿಸುತ್ತಾನೆ. ಘಟ್ಟ ಇಳಿದು ಬಂದರಿನಿಂದ ಮೀನು ತುಂಬಿಕೊಂಡು ಬಂದು ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಅಂಗಡಿಗಳಿಗೆ ಹಾಕುವುದು ಅವನ ಕೆಲಸ. ಒಳ್ಳೆಯ ಹುಡುಗ. ಮೈಗೆ ಎಷ್ಟು ಸೋಪು ಹಾಕಿದರೂ ಮೀನಿನ ವಾಸನೆ ಹೋಗುವುದಿಲ್ಲ ಅಂತ ಸುಧಾ ಅವನನ್ನು ಆಡಿಕೊಳ್ಳುತ್ತಿದ್ದಳು.

ಅವರಿಬ್ಬರ ಮದುವೆಯಾದ ಮೊದಲ ವರ್ಷ. ಆಷಾಢಕ್ಕೆ ಪದ್ಧತಿ ಪ್ರಕಾರ ಸುಧಾ ತವರಿಗೆ ಬಂದಿದ್ದಳು. ಒಂದು ದಿನ ಸ್ನಾನ ಮಾಡಿ ಬಂದವಳು ತಲೆ ಒರೆಸಿಕೊಳ್ಳುತ್ತಾ, ಎದೆಯಲ್ಲಿ ಗೋಲಿಯ ಹಾಗೆ ಏನೋ ಸಿಗುತ್ತದೆ, ನೋವೇನೂ ಇಲ್ಲ ಅಂದಳು. ನಾನು ಮುಟ್ಟಿ ನೋಡಿದೆ. ಗೋಲಿಯಾದರೆ ಜಾರಬೇಕಿತ್ತು. ಇದು ಬೇರು ಬಿಟ್ಟ ಹಾಗೆ ಕೂತಿತ್ತು. ಅವಳಿಗೆ ಏನೂ ಇಲ್ಲ ಬಿಡು ಅಂದೆ. ಒಲೆ ಮುಂದೆ ಕೂತರೆ ಒಲೆ ಉರಿಯುತ್ತಿದೆಯೋ ಆರಿದೆಯೋ ನನಗೆ ತಿಳಿಯುತ್ತಿರಲಿಲ್ಲ.

ಶ್ರಾವಣ ಬಂದ ಕೂಡಲೇ ಹೊಸ ಸೀರೆ ಉಡಿಸಿ, ಮಡಿಲು ತುಂಬಿ ಗಂಡನ ಮನೆಗೆ ಕಳಿಸಬೇಕಿತ್ತು. ಅದರ ಬದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಪೇಟೆಯ ಸಣ್ಣ ನರ್ಸಿಂಗ್ ಹೋಮಿನ ಡಾಕ್ಟರು ಗಡ್ಡೆ ತೆಗೆದರು. ತೆಗೆದದ್ದನ್ನು ಔಷಧಿ ನೀರಿನ ಬಾಟ್ಲಿಯಲ್ಲಿ ಹಾಕಿ, ಇದನ್ನು ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯ ಲ್ಯಾಬಿಗೆ ಬೇಗ ತಲುಪಿಸಿ ಅಂತ ನಮ್ಮ ಕೈಗೇ ಕೊಟ್ಟರು. ನಮ್ಮ ಕಡೆ ಹಾಗೇ ನಡೆಯುವುದು. ತಗೊಂಡು ಹೋಗಲಿಕ್ಕೆ ಬೇರೆ ಜನ ಎಲ್ಲಿದ್ದಾರೆ? ಮುಚ್ಚಳ ಬಿಗಿಯಾಗಿದ್ದರೂ ಆ ವಾಸನೆ ಹೊರಗೆ ಬರುತ್ತಿತ್ತು. ಪ್ರಕಾಶ ಕೈ ಚಾಚಿದ. ಹೇಗೂ ಮೀನಿಗೆ ಇಳಿಯುತ್ತೇನೆ, ಬಸ್ಸಿಗಿಂತ ಮೊದಲೇ ಮುಟ್ಟಿಸುತ್ತೇನೆ ಅಂದ.

ಬೋಟುಗಳು ಮಳೆಗಾಲದ ರಜೆ ಮುಗಿಸಿ ಮತ್ತೆ ಕಡಲಿಗೆ ಇಳಿದ ಹೊಸತು. ಆದರೆ ಮಳೆ ರಜೆ ತಗೊಂಡಿರಲಿಲ್ಲ. ಶೃಂಗೇರಿ ದಾಟಿ ಕೆರೆಕಟ್ಟೆ ಹತ್ತಿರ ಮರ ಬಿದ್ದು, ಅದರ ಮೇಲೆ ಗುಡ್ಡದ ಮಣ್ಣು ಕೂತು ರಸ್ತೆ ಬಂದ್ ಆಯಿತು. ಹಿಂದೆ ಬರೋಣ ಅಂದರೆ ಹಿಂದೆಯೂ ಲಾರಿಗಳ ಸಾಲು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನಾವು ಇಲ್ಲಿ ಫೋನು ಮಾಡಿ ಮಾಡಿ ಸಾಕಾದೆವು. ಮಾರನೇ ದಿನ ಮಧ್ಯಾಹ್ನದ ಮೇಲೆ ಅವನ ಫೋನು ಬಂತು: ಮುಟ್ಟಿಸಿದೆ ಅತ್ತೆ, ಏನೂ ಆಗಿಲ್ಲ, ಜೋಪಾನವಾಗಿ ತಂದಿದ್ದೇನೆ.

ವರದಿ ಬಂದಾಗ ಪೇಟೆಯ ಡಾಕ್ಟರು ಓದಿ ಕನ್ನಡಕ ತೆಗೆದಿಟ್ಟರು. ಕ್ಯಾನ್ಸರ್ ಅಂದರು. ಆ ಶಬ್ದ ಕೇಳಲಿಕ್ಕೆ ನಾನು ತಯಾರಾಗಿಯೇ ಹೋಗಿದ್ದೆ, ಆದರೂ ಕುರ್ಚಿ ಎಲ್ಲೋ ಕೆಳಗೆ ಇಳಿದುಹೋದ ಹಾಗಾಯಿತು. ಅವರು ಇನ್ನೂ ಒಂದು ಹೇಳಿದರು. ಎದೆಯ ಕ್ಯಾನ್ಸರಿನಲ್ಲಿ ಜಾತಿ ಬೇರೆ ಬೇರೆ ಇದೆಯಂತೆ. ಒಂದು ಬಣ್ಣದ ಪರೀಕ್ಷೆ ಮಾಡುತ್ತಾರೆ. ಬಣ್ಣ ಹಿಡಿದರೆ ಅದಕ್ಕೆ ಮಾತ್ರೆ ಇದೆ, ವರ್ಷಗಟ್ಟಲೆ ನುಂಗಿಕೊಂಡು ಬಾಳಬಹುದು. ಹಿಡಿಯದಿದ್ದರೆ ಆ ಮಾತ್ರೆಯಿಂದ ಉಪಯೋಗವಿಲ್ಲ, ಅದು ಜೋರಿನ ಜಾತಿ. ಸುಧಾಳದ್ದಕ್ಕೆ ಬಣ್ಣ ಹಿಡಿದಿಲ್ಲ ಅಂತ ಬರೆದಿದ್ದರು. ಆದರೆ ಲ್ಯಾಬಿನವರು ಮನೆಯವರನ್ನು ಒಮ್ಮೆ ಬಂದು ಕಾಣಲಿಕ್ಕೆ ಹೇಳಿದ್ದಾರೆ, ಉಳಿದದ್ದನ್ನು ತೆಗೆಯುವ ಎರಡನೇ ಆಪರೇಷನ್ನೂ ಅಲ್ಲೇ ಆಗಬೇಕು, ಹೊರಡಿ ಅಂದರು.

ನಾವು ನಾಲ್ಕು ಜನವೂ ಹೋದೆವು. ಘಟ್ಟದ ತಿರುವಿನಲ್ಲಿ ಸುಧಾ, ಇಷ್ಟು ದಿನ ಕರೆದುಕೊಂಡು ಹೋಗಿ ಅಂದರೆ ಸಮುದ್ರ ತೋರಿಸಲಿಲ್ಲ, ಈಗ ನೋಡಿ ಅಂತ ಗಂಡನಿಗೆ ಚುಚ್ಚಿದಳು. ಅವನು ನಗಲಿಲ್ಲ.

ಲ್ಯಾಬಿನ ಡಾಕ್ಟರು ಹೆಂಗಸು, ಸುಧಾಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ಕೋಣೆ ತುಂಬ ಅದೇ ವಾಸನೆ. ಅವರು ಮೊದಲು ಕೇಳಿದ್ದು ಬಾಟ್ಲಿಯನ್ನು ಹೇಗೆ ತಂದಿರಿ ಅಂತ. ಪ್ರಕಾಶ ಮುಂದೆ ಬಂದ. ಅವನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ, ಹೊಗಳುತ್ತಾರೆ ಅಂತಲೇ ಅಂದುಕೊಂಡಿದ್ದ.

"ಒಂಚೂರೂ ಕೆಡದ ಹಾಗೆ ತಂದಿದೀನಿ ಮೇಡಂ. ರಸ್ತೆ ಬಂದ್ ಆಗಿತ್ತಲ್ಲ, ಅಷ್ಟು ಹೊತ್ತೂ ಗಾಡಿಯಲ್ಲಿದ್ದ ಐಸಿನ ಪೆಟ್ಟಿಗೆಯಲ್ಲಿ ಹೂತಿಟ್ಟಿದ್ದೆ. ಇನ್ನೂ ತಂಪಾಗಲಿ ಅಂತ ಐಸಿಗೆ ಉಪ್ಪೂ ಹಾಕಿದ್ದೆ."

ಡಾಕ್ಟರಮ್ಮ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಔಷಧಿ ನೀರು ಮಾಂಸದೊಳಗೆ ನಿಧಾನವಾಗಿ ಇಳಿಯಬೇಕು, ಹಾಗೆ ಇಳಿದರೇ ಒಳಗಿರುವುದೆಲ್ಲ ಇದ್ದಲ್ಲೇ ನಿಲ್ಲುವುದು ಅಂದರು. ಉಪ್ಪು ಹಾಕಿದ ಐಸಿನಲ್ಲಿ ಅದು ಇಳಿಯುವ ಮೊದಲೇ ಮಾಂಸ ಮಂಜುಗಟ್ಟಿ, ಆಮೇಲೆ ಕರಗಿ, ಒಳಗೆ ಒಡೆದುಹೋಗಿದೆ. ಪ್ರಕಾಶನಿಗೆ ಅರ್ಥವಾಗಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನು ಗೋಡೆಗೆ ಒರಗಿಕೊಂಡ.

ಆಮೇಲೆ ಅವರು ಬಣ್ಣದ ವಿಷಯ ಬಿಡಿಸಿ ಹೇಳಿದರು. ನಮ್ಮ ಮೈಯ ಒಂದೊಂದು ಜೀವಕೋಶದ ನಡುವೆಯೂ ಒಂದು ಬೀಜದಂಥದ್ದು ಇರುತ್ತದಂತೆ. ಅದರೊಳಗೆ ಕೂತ ಕೆಲವು ಪ್ರೋಟೀನುಗಳೇ ಯಾವ ಕೆಲಸ ಶುರುವಾಗಬೇಕು, ಯಾವುದು ನಿಲ್ಲಬೇಕು ಅಂತ ಅಪ್ಪಣೆ ಕೊಡುವುದಂತೆ. ಎದೆಯ ಕೋಶದಲ್ಲಿ ಅಂಥ ಒಂದಿದೆ. ಹೆಂಗಸರ ಹಾರ್ಮೋನು ಬಂದು ಅದನ್ನು ಮುಟ್ಟಿದರೆ, ಬೆಳೆಯಿರಿ ಅಂತ ಅದು ಕೋಶಕ್ಕೆ ಹೇಳುತ್ತದೆ. ನನಗೆ ಬಾಯಿ ತಡೆಯಲಿಲ್ಲ. ನಮ್ಮ ತೋಟದ ಮೇಸ್ತ್ರಿ ಹಾಗಾ ಅಂತ ಕೇಳಿದೆ. ಬೆಳಿಗ್ಗೆ ಬಂದು ನೀನು ಕಳೆ ತೆಗಿ, ನೀನು ಗೊಬ್ಬರ ಹಾಕು ಅಂತ ಹೇಳುವವನು. ಅವರು ನಕ್ಕು, ಹಾಗೇ ಅಂತ ಇಟ್ಟುಕೊಳ್ಳಿ ಅಂದರು.

ಆ ಮೇಸ್ತ್ರಿ ಸುಮ್ಮನೆ ನೋಡಿದರೆ ಕಾಣುವುದಿಲ್ಲ. ಅವನನ್ನು ಹುಡುಕಲಿಕ್ಕೆ ಆಂಟಿಬಾಡಿ ಅಂತ ಒಂದಿದೆ, ಮೂಲದಲ್ಲಿ ಮೊಲದ ಮೈಯಲ್ಲಿ ಹುಟ್ಟಿದ್ದು. ಎಲೆಗಿಂತ ತೆಳ್ಳಗೆ ಸೀಳಿದ ಮಾಂಸದ ಮೇಲೆ ಅದರ ಒಂದು ತೊಟ್ಟು ಹಾಕಿದರೆ ಬೇರೆ ಯಾರ ತಂಟೆಗೂ ಹೋಗದೆ ಆ ಮೇಸ್ತ್ರಿಯೊಬ್ಬನನ್ನೇ ಹಿಡಿದುಕೊಳ್ಳುತ್ತದೆ. ಹಿಡಿದ ಕಡೆ ಕಂದು ಬಣ್ಣ ಬರುವ ಹಾಗೆ ಇವರು ಮಾಡುತ್ತಾರೆ. ಮೇಸ್ತ್ರಿ ಇದ್ದಾನೆ ಅಂತಾದರೆ ಮಾತ್ರೆ ಅವನ ಬಾಯಿ ಕಟ್ಟುತ್ತದೆ. ಇಲ್ಲದಿದ್ದರೆ ಕಟ್ಟುವುದು ಯಾರ ಬಾಯಿಯನ್ನು?

ಅವರಿಗೆ ಅನುಮಾನ ಬಂದದ್ದು ಹೀಗೆ: ಗಡ್ಡೆಯ ಜೊತೆಗೆ ಪಕ್ಕದ ಒಳ್ಳೆಯ ಮಾಂಸವೂ ಒಂದಿಷ್ಟು ಬಂದಿತ್ತು. ಅದರಲ್ಲಿ ಅಲ್ಲಲ್ಲಾದರೂ ಬಣ್ಣ ಬರಬೇಕಿತ್ತು. ಅಲ್ಲೂ ಬಂದಿಲ್ಲ. ಅಂದರೆ ಮೇಸ್ತ್ರಿ ಇಲ್ಲವೋ, ಅಥವಾ ಇದ್ದವನು ಐಸಿನಲ್ಲಿ ಹಾಳಾದನೋ, ಹೇಳಲಿಕ್ಕೆ ಬರುವುದಿಲ್ಲ. ಎರಡನೇ ಆಪರೇಷನ್ನಿನಲ್ಲಿ ಉಳಿದ ಗಡ್ಡೆಯ ಅಂಚನ್ನೂ ಕಂಕುಳಿನ ಗಂಟುಗಳನ್ನೂ ತೆಗೆಯುತ್ತಾರೆ, ಅದರಲ್ಲಿ ಮತ್ತೆ ನೋಡುತ್ತೇನೆ ಅಂದರು.

"ಈ ಸಲ ನೀವ್ಯಾರೂ ಮುಟ್ಟೋದು ಬೇಡ. ನಾನೇ ಆಪರೇಷನ್ ಬಾಗಿಲಲ್ಲಿ ನಿಂತು ಈಸ್ಕೊಳ್ತೀನಿ."

ಸುಧಾ, ಮೇಸ್ತ್ರಿಯನ್ನು ಹಿಡಿಯಲಿಕ್ಕೆ ಮೊಲವೇ ಬೇಕಾಯಿತಲ್ಲ, ನಮ್ಮ ತೋಟದಲ್ಲಿ ಯಾರಿಂದಲೂ ಆಗಿಲ್ಲ ಅಂದಳು. ಡಾಕ್ಟರಮ್ಮನೂ ನಕ್ಕರು. ನನಗೆ ಅಳು ಬಂತು.

ಹೊರಗೆ ಬಂದದ್ದೇ ನಮ್ಮನೆಯವರು ಪ್ರಕಾಶನ ಅಂಗಿ ಹಿಡಿದರು. ಜೋರಾಗಿ ಕೂಗಲಿಲ್ಲ. "ಮೀನು ಅಂದ್ಕೊಂಡ್ಯೇನೋ ನನ್ನ ಮಗಳನ್ನ?" ಅಂದರು. ಅವನು ತಲೆ ಎತ್ತಲಿಲ್ಲ. ಸುಧಾ ಅಪ್ಪನ ಕೈಯನ್ನು ಒಂದೊಂದೇ ಬೆರಳು ಬಿಡಿಸಿದಳು.

"ಅಪ್ಪಾ, ಅವರಿಗೆ ಗೊತ್ತಿರೋ ಜೋಪಾನ ಅಂದ್ರೆ ಐಸು. ಅವರ ಹತ್ರ ಇದ್ದದ್ದರಲ್ಲಿ ಒಳ್ಳೇದನ್ನೇ ಕೊಟ್ಟಿದಾರೆ."

ನಮ್ಮನೆಯವರು ಬಿಟ್ಟರು. ಆದರೆ ಅಳಿಯನ ಜೊತೆ ಮಾತು ನಿಲ್ಲಿಸಿದರು.

ಎರಡನೇ ಆಪರೇಷನ್ ಆಯಿತು. ಬಣ್ಣದ ಪರೀಕ್ಷೆಗೆ ದಿನ ಹಿಡಿಯುತ್ತದೆ ಅಂದರು. ಸುಧಾಳ ಹತ್ತಿರ ಪ್ರಕಾಶನನ್ನು ಬಿಟ್ಟು ನಾವಿಬ್ಬರೂ ಊರಿಗೆ ಬಂದೆವು. ತೋಟದಲ್ಲಿ ಆಗ ಕಂಬಚಿಗುರು ಕೀಳುವ ಕೆಲಸ. ಕಾಫಿ ಗಿಡದ ಕಾಂಡದಲ್ಲಿ ಬೇಡದ ಚಿಗುರು ಸೊಕ್ಕಿ ನೆಟ್ಟಗೆ ಏಳುತ್ತದೆ. ಫಲ ಬಿಡುವುದಿಲ್ಲ, ಗಿಡದ ಸತ್ವ ಮಾತ್ರ ಹೀರುತ್ತದೆ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಅದನ್ನು ಕೀಳುತ್ತಾ ಹೋಗುವುದು. ಎಷ್ಟೋ ವರ್ಷದಿಂದ ಮಾಡಿದ ಕೆಲಸ, ಕೈಗೆ ತಾನಾಗಿ ಗೊತ್ತು. ಆ ಶ್ರಾವಣದಲ್ಲಿ ಒಂದೊಂದು ಚಿಗುರು ಕೀಳುವಾಗಲೂ ನನ್ನ ಕೈ ನಿಲ್ಲುತ್ತಿತ್ತು. ಬೆಳೆ ಅಂತ ಇದಕ್ಕೆ ಹೇಳಿದವರು ಯಾರು?

ಇಳಿ ಹೊತ್ತಿಗೆ ಲೈನಿಗೆ ಬಂದರೆ ಫೋನು. ಅದು ಹೊಡೆದರೆ ಎದೆ ಹಾರುತ್ತಿತ್ತು, ಹೊಡೆಯದಿದ್ದರೂ ಹಾರುತ್ತಿತ್ತು. ರೀಚಾರ್ಜು ಮುಗಿದಿದೆ ಅಂತ ಕಂಪನಿಯವರು ಫೋನು ಮಾಡಿದಾಗ ನಾನು, ಬಣ್ಣ ಬಂತಾ ಅಂತ ಕೇಳಿದ್ದೇನೆ. ನಮ್ಮನೆಯವರು ಮಾಡಿನ ನೀರು ಬೀಳುವುದನ್ನೇ ನೋಡುತ್ತಾ ಕೂರುತ್ತಿದ್ದರು.

ಒಂದು ಭಾನುವಾರ ಹಮೀದಣ್ಣ ಬಂದರು. ಒದ್ದೆ ಛತ್ರಿಯನ್ನು ಹೊರಗಿಟ್ಟು, ಕಾಫಿ ಕೂಡ ಬೇಡ ಅಂದು ನೇರ ನಮ್ಮನೆಯವರ ಎದುರಿಗೆ ಕೂತರು.

"ಐಸಿಗೆ ಉಪ್ಪು ಹಾಕೋದು ಅವನಿಗೆ ಕಲಿಸಿದ್ದು ನಾನು ಮಾರಾಯ. ಬೈಯೋದಿದ್ರೆ ನನಗೆ ಬೈಯಿ. ಆ ಹುಡುಗ ಅಲ್ಲಿ ಅನ್ನ ನೀರು ಬಿಟ್ಟು ಕೂತಿದಾನೆ."

ನಮ್ಮನೆಯವರು ಬೈಯಲಿಲ್ಲ. ಇವತ್ತು ಅಲ್ಲಿಗೆ ಫೋನು ಮಾಡಿದ್ದೆಯಾ ಅಂತ ಕೇಳಿದರು. ಮಾಡಿದ್ದೆ, ಸುಧಾ ಗಂಜಿ ಕುಡಿದಳಂತೆ ಅಂತ ಹಮೀದಣ್ಣ ಹೇಳಿದರು. ಅಷ್ಟೇ ಮಾತು. ಅವರು ಹೋಗುವಾಗ ನಮ್ಮನೆಯವರು ಗೇಟಿನವರೆಗೆ ಜೊತೆಯಲ್ಲಿ ನಡೆದರು.

ತಡೆಯಲಾರದೆ ನಾನು ಒಂದು ದಿನ ಶೃಂಗೇರಿಗೆ ಹೋಗಿ ಅಲ್ಲಿಂದ ಬಸ್ಸು ಹತ್ತಿ ಕಿಗ್ಗದ ದೇವಸ್ಥಾನಕ್ಕೆ ಹೋದೆ. ಮಳೆ ಬೇಕಾದವರೂ ಮಳೆ ಸಾಕಾದವರೂ ಕೈಮುಗಿಯುವ ದೇವರು. ನಾನು ಮಳೆಯ ಸುದ್ದಿಗೇ ಹೋಗಲಿಲ್ಲ, ಮೇಸ್ತ್ರಿ ಇರಲಿ ಅಂತ ಬೇಡಿಕೊಂಡೆ. ಸ್ವಲ್ಪ ಗಟ್ಟಿಯಾಗಿಯೇ ಬೇಡಿಕೊಂಡೆನೋ ಏನೋ, ಪಕ್ಕದಲ್ಲಿದ್ದ ಸಿರಿಮನೆ ಕಡೆಯ ಹೆಂಗಸೊಬ್ಬಳು, ಗಾರೆ ಮೇಸ್ತ್ರಿಯಾ ತೋಟದ ಮೇಸ್ತ್ರಿಯಾ, ಏನಾಗಿದೆ ಅವನಿಗೆ ಅಂತ ಕನಿಕರದಿಂದ ಕೇಳಿದಳು. ಜೀವಮಾನವಿಡೀ ಇವತ್ತು ಮೇಸ್ತ್ರಿ ಬಾರದಿರಲಿ ಅಂತ ಬೇಡಿಕೊಂಡವಳು ನಾನು. ಅವಳಿಗೆ ಏನು ಹೇಳಲಿ? ಹುಷಾರಿಲ್ಲ ಅಂದೆ. ಅವಳೂ ನನ್ನ ಜೊತೆ ಕೈಮುಗಿದಳು.

ಫೋನು ಬಂದದ್ದು ನಾನು ತೋಟದಲ್ಲಿದ್ದಾಗ. ಪ್ರಕಾಶ ಮಾತಾಡಿದ, ಆದರೆ ಏನೂ ಹೇಳಲಿಲ್ಲ; ಡಾಕ್ಟರಮ್ಮ ಎಲ್ಲರೂ ಬನ್ನಿ ಅಂದಿದ್ದಾರೆ ಅಂದ, ಅಷ್ಟೆ. ಎಲ್ಲರೂ ಬನ್ನಿ ಅಂದರೆ ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ? ಕೊಪ್ಪದಿಂದ ಘಟ್ಟ ಇಳಿಯುವವರೆಗೆ ನಮ್ಮನೆಯವರು ಮುಂದಿನ ಸೀಟಿನ ಕಂಬಿ ಹಿಡಿದ ಕೈ ಬಿಡಲಿಲ್ಲ. ಬಸ್ಸು ನಿಂತಾಗಲೂ ಬಿಡಲಿಲ್ಲ.

ಡಾಕ್ಟರಮ್ಮ ಬಾಯಲ್ಲಿ ಹೇಳುವ ಬದಲು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮೊದಲು ನನಗೆ ಕಂಡದ್ದು ನನ್ನದೇ ರೆಪ್ಪೆ. ಕಣ್ಣು ಇನ್ನೂ ಹತ್ತಿರ ತನ್ನಿ, ಉಸಿರು ಬಿಡಿ ಅಂದರು. ಆಮೇಲೆ ಬೆಳಕು ಕಂಡಿತು. ತಿಳಿ ನೀಲಿ ನೆಲದ ಮೇಲೆ ಚುಕ್ಕೆ, ಚುಕ್ಕೆ, ಚುಕ್ಕೆ, ತುಂಬ ಕಂದು ಚುಕ್ಕೆ. ರಾಗಿ ಚೆಲ್ಲಿದ ಹಾಗೆ.

ಬಣ್ಣ ಬಂದಿದೆಯಾ ಅಂತ ಕೇಳಿದೆ, ನೋಡುತ್ತಾ ಇದ್ದರೂ.

"ಬಂದಿದೆ ಅಮ್ಮಾ. ಒಳ್ಳೇ ಮಾಂಸದಲ್ಲೂ ಬಂದಿದೆ, ಗಡ್ಡೆಯಲ್ಲಿ ತುಂಬ ಬಂದಿದೆ. ಈ ಸಲ ಅನುಮಾನ ಇಲ್ಲ. ಗೆದ್ದಿದೀವಿ ಅಂತ ಅಲ್ಲ ಇದು, ದಾರಿ ಸಿಕ್ಕಿತು."

ನಾನು ಎದ್ದು ನಮ್ಮನೆಯವರಿಗೆ ಜಾಗ ಬಿಟ್ಟೆ. ಅವರು ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಏಳುವಾಗ ಪ್ರಕಾಶನ ತೋಳು ಹಿಡಿದು, ಬಾ, ನೀನೂ ನೋಡು ಅಂತ ಕೂರಿಸಿದರು. ಪ್ರಕಾಶ ನೋಡಿದನೋ ಇಲ್ಲವೋ ಗೊತ್ತಿಲ್ಲ. ಅವನ ಬೆನ್ನು ಅಲುಗುತ್ತಿತ್ತು.

ಆಮೇಲಿನ ವರ್ಷಗಳು ಸುಲಭದ್ದಲ್ಲ. ಹನಿ ಹನಿಯಾಗಿ ಏರಿಸುವ ಔಷಧಿ ಆಯಿತು, ಕೂದಲು ಹೋಯಿತು, ಗುಂಗುರಾಗಿ ಬಂತು. ದಿನಾ ಮಾತ್ರೆ. ಮಾತ್ರೆಯಿಂದ ಇದ್ದಕ್ಕಿದ್ದ ಹಾಗೆ ಮೈ ಬಿಸಿಯೇರಿ ಬೆವರುತ್ತಿದ್ದಳು, ಸೋನೆಮಳೆಯಲ್ಲಿ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದಳು. ಆದರೆ ಪ್ರತಿ ತಪಾಸಣೆಗೂ ಏನೂ ಇಲ್ಲ ಅಂತಲೇ ಬಂತು.

ಹೀಗೆ ಕೆಲವು ವರ್ಷ ಆದ ಮೇಲೆ ಅವಳು ಮಗು ಬೇಕು ಅಂದಳು. ಮಾತ್ರೆ ತಗೊಳ್ಳುತ್ತಾ ಮಗು ಆಗುವ ಹಾಗಿಲ್ಲ. ದೊಡ್ಡ ಡಾಕ್ಟರು ಎಲ್ಲ ನೋಡಿ, ಸ್ವಲ್ಪ ಕಾಲ ನಿಲ್ಲಿಸಬಹುದು, ಹೆರಿಗೆಯ ಮೇಲೆ ಮತ್ತೆ ಶುರು ಮಾಡಲೇಬೇಕು ಅಂದರು. ನಾನು ಬೇಡವೇ ಬೇಡ ಅಂದೆ. ನಿನ್ನನ್ನು ಉಳಿಸಿಕೊಂಡದ್ದೇ ನಮಗೆ ಸಾಕು, ಆ ಮೇಸ್ತ್ರಿಯ ಬಾಯಿ ಯಾಕೆ ಬಿಚ್ಚುತ್ತೀಯ ಅಂದೆ. ಅವಳು ನನ್ನ ಪಕ್ಕ ಬಂದು ಕೂತಳು.

"ಅಮ್ಮಾ, ನೀವೆಲ್ಲ ನನ್ನನ್ನ ಬದುಕಿಸಿಕೊಂಡಿದ್ದು ಬದುಕಲಿ ಅಂತ ತಾನೇ?"

ಮಾತ್ರೆ ನಿಂತಿತು. ಅವಳು ಬಸುರಿಯಾದ ಮೇಲೆ ನಾನು ನಿದ್ದೆ ಸರಿಯಾಗಿ ಮಾಡಲಿಲ್ಲ. ತುತ್ತು ಸೇರದಿದ್ದರೆ ಹೆದರಿಕೆ, ಸೊಂಟ ನೋವು ಅಂದರೆ ಹೆದರಿಕೆ. ಇವತ್ತು ಬೆಳಿಗ್ಗೆ ಒಳಗಿಂದ ಮಗುವಿನ ಅಳು ಕೇಳಿದಾಗಲೂ ನಾನು ಮೊದಲು ಕೇಳಿದ್ದು ಸುಧಾ ಹೇಗಿದ್ದಾಳೆ ಅಂತ. ನರ್ಸಮ್ಮ, ನಿಮ್ಮ ಮಗಳು ಕಾಫಿ ಕೇಳ್ತಿದಾರೆ ಅಂದರು. ಆಗ ಅಜ್ಜಿಯಾದೆ ನಾನು.

ಈಗ ಸಂಜೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಬಾಣಂತಿಗೆ ಬಿಸಿ ಅನ್ನ, ಬೆಳ್ಳುಳ್ಳಿ ಕಾಳುಮೆಣಸಿನ ಸಾರು, ತುಪ್ಪ ನಾನು ಮಾಡಿಕೊಂಡು ಹೋದೆ. ಹಮೀದಣ್ಣನ ಮನೆಯಿಂದ ನಮಗೆಲ್ಲ ಅಕ್ಕಿರೊಟ್ಟಿ, ಅಂಜಲ್ ಮೀನಿನ ಸಾರು ದೊಡ್ಡ ಕ್ಯಾರಿಯರಿನಲ್ಲಿ ಬಂತು, ಹಿಂದೆಯೇ ಹಮೀದಣ್ಣನೂ ಬಂದರು. ಸುಧಾ ಮಂಚದ ಮೇಲೆ ಕಾಲು ಚಾಚಿ ಕೂತಳು, ನಾವೆಲ್ಲ ಕೆಳಗೆ ಪೇಪರು ಹಾಸಿ ಕೂತೆವು. ಮಗು ತೊಟ್ಟಿಲಲ್ಲಿ. ಹಾಲು ಆಪರೇಷನ್ ಆಗದ ಒಂದೇ ಕಡೆಯಿಂದಾದರೂ ಸಾಕಾಗುತ್ತದೆ ಅಂದಿದ್ದಾರೆ. ಮಾತ್ರೆ ಯಾವಾಗ ಮತ್ತೆ ಶುರು ಅಂತ ನಾನು ಬಾಯಿ ತೆರೆದೆ. ಸುಧಾ, ಡಾಕ್ಟರು ಹೇಳಿದ ದಿನಕ್ಕೆ ಸರಿಯಾಗಿ ತಗೊಳ್ತೀನಿ, ಈಗ ಉಣ್ಣು ಅಂದಳು.

ಅಷ್ಟರಲ್ಲಿ ಮಗು ಒಮ್ಮೆಲೇ ಚೀರಿತು. ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ನಮ್ಮನೆಯವರು ಅರ್ಧ ಎದ್ದೇಬಿಟ್ಟಿದ್ದರು, ಪ್ರಕಾಶ ಡಾಕ್ಟರನ್ನು ಕರೆಯಲಾ ಅಂತ ಬಾಗಿಲ ಕಡೆ ನೋಡಿದ, ನಾನು ತಟ್ಟೆ ಪಕ್ಕಕ್ಕಿಟ್ಟೆ. ಸುಧಾ ಎಡಗೈಯಲ್ಲಿ ಮಗುವನ್ನು ಎತ್ತಿಕೊಂಡು, ಸೆರಗು ಸರಿಸಿ, ನಮ್ಮೆಲ್ಲರ ಮುಖವನ್ನು ಒಂದು ಸಲ ನೋಡಿದಳು.

"ಹಸಿವು ಅಷ್ಟೆ. ಮಕ್ಕಳು ಅಳ್ತಾವೆ. ಕೂತ್ಕೊಂಡು ಊಟ ಮಾಡಿ."

ಮಗು ಸುಮ್ಮನಾಯಿತು. ಚಪ್ಪರಿಸುವ ಸದ್ದು ಕೋಣೆಗೆಲ್ಲ ಕೇಳುತ್ತಿತ್ತು. ಹಮೀದಣ್ಣ ಇನ್ನೊಂದು ರೊಟ್ಟಿ ಪ್ರಕಾಶನ ತಟ್ಟೆಗೆ ಹಾಕಿದರು, ನಮ್ಮನೆಯವರು ಅದಕ್ಕೆ ಸಾರು ಬಡಿಸಿದರು. ನಾವೂ ಉಂಡೆವು.